ಎರಡು ಇಂಚು ನೀರು

ದೀಪಾವಳಿ ಮುಗಿಸಿಕೊಂಡು ಅವ್ವನನ್ನು ಕಡೂರಿನಲ್ಲಿ ರೈಲು ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಬಂದೆ. ಫ್ಲ್ಯಾಟು ತಗೊಂಡು ಒಂದೂವರೆ ವರ್ಷ ಆಗಿದ್ರೂ ಅವಳು ನೋಡಿರಲಿಲ್ಲ. ಎಮ್ಮೆದೊಡ್ಡಿಯಲ್ಲಿ ದನ, ತೋಟ, ಕೋಳಿ ಬಿಟ್ಟು ಬರೋದಕ್ಕೆ ಅವಳಿಗೆ ಪುರುಸೊತ್ತು ಅನ್ನೋದೇ ಇಲ್ಲ. ಬಂದವಳು ಬಾಲ್ಕನಿ ನೋಡಿದ್ಲು, ಲಿಫ್ಟು ನೋಡಿದ್ಲು, ಟೈಲ್ಸ್ ಮೇಲೆ ಕಾಲು ಜಾರುತ್ತೆ ಅಂದ್ಲು. ಮರುದಿನ ಬೆಳಗ್ಗೆ ಐದಕ್ಕೇ ಎದ್ದು ಅಡುಗೆಮನೆಗೆ ಹೋದವಳು ನನ್ನನ್ನು ಎಬ್ಬಿಸಿದ್ಲು.

“ಏನ್ಲಾ ಮಗಾ ಇದು, ಅಡ್ಗೆಮನೇಲಿ ಮೋರಿ ವಾಸ್ನೆ ಬತ್ತೈತೆ?”

ನಿಜ ಹೇಳ್ಬೇಕು ಅಂದ್ರೆ ನಮಗೆ ಆ ವಾಸನೆ ಅಭ್ಯಾಸ ಆಗಿಹೋಗಿತ್ತು. ಸಿಂಕ್ ಕೆಳಗಿನ ಕಪಾಟಿನಲ್ಲಿ ನುಸಿಗುಳಿಗೆ ಹಾಕಿ, ವಾರಕ್ಕೊಮ್ಮೆ ಅಡುಗೆಸೋಡ ಸುರಿದು ಸುಮ್ಮನಾಗಿದ್ವಿ. ಅವ್ವನಿಗೆ ಮಾತ್ರ ಅರ್ಥವೇ ಆಗಲಿಲ್ಲ. ಇಷ್ಟು ದುಡ್ಡು ಕೊಟ್ಟ ಮನೆಯಲ್ಲಿ ಅನ್ನ ಬೇಯಿಸೋ ಜಾಗಕ್ಕೆ ಚರಂಡಿ ವಾಸನೆ ಯಾಕೆ ಬರಬೇಕು?

ನಮ್ಮೂರ ಮನೆಯಲ್ಲಿ ಈ ಪ್ರಶ್ನೆಯೇ ಹುಟ್ಟೋದಿಲ್ಲ. ಬಚ್ಚಲಮನೆ ಹಿತ್ತಲ ಕಡೆಗಿದೆ. ಹಂಡೆ ಪಕ್ಕ ಗೋಡೆಯ ಬುಡದಲ್ಲಿ ಒಂದು ತೂತು, ಅಲ್ಲಿಂದ ಹೊರಗೆ ಒಂದು ಕಾಲುವೆ, ಕಾಲುವೆಯ ಕೊನೆಗೆ ನಾಲ್ಕು ಬಾಳೆ ಬುಡ. ಮುಸುರೆ ನೀರು ಎಮ್ಮೆಯ ಬಾನಿಗೆ. ಕೊಳೆ ನೀರು ಬಿಸಿಲು, ಗಾಳಿಗೆ ತೆರೆದುಕೊಂಡೇ ಹರಿದುಹೋಗುತ್ತೆ, ವಾಸನೆ ಬಂದರೂ ಹಿತ್ತಲಲ್ಲೇ ಉಳಿಯುತ್ತೆ. ಪಟ್ಟಣದಲ್ಲಿ ಹಾಗಲ್ಲ. ನನ್ನ ಸಿಂಕಿನ ತೂತು, ಮೇಲಿನ ಮನೆಯವರ ಸಿಂಕಿನ ತೂತು, ಕೆಳಗಿನ ಛೇಂಬರು, ರಸ್ತೆಯಡಿಯ ಒಳಚರಂಡಿ ಎಲ್ಲಾ ಒಂದೇ ಕೊಳವೆಯ ಬೇರೆ ಬೇರೆ ಬಾಯಿಗಳು. ನೀರು ಹೊರಗೆ ಹೋಗುವ ದಾರಿಯಲ್ಲೇ ಊರಿನ ಗಾಳಿ ಒಳಗೆ ಬರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪೋರ್ಟ್ ಓಪನ್ ಇದೆ, ಫೈರ್‌ವಾಲ್ ಇಲ್ಲ.

ಮಧ್ಯಾಹ್ನ ಪ್ಲಂಬರ್ ಬಂದ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯವನು. ಇದು ಆಕಸ್ಮಿಕ ಅಲ್ಲ ಅಂತ ಆಮೇಲೆ ಓದಿ ತಿಳ್ಕೊಂಡೆ. ದೇಶದ ಯಾವ ದೊಡ್ಡ ಊರಿಗೆ ಹೋದರೂ ಕೇಂದ್ರಪಾಡಾದ ಪ್ಲಂಬರುಗಳು ಸಿಗ್ತಾರೆ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾಗೆ ಹೋಗಿ ಈ ಕೆಲಸ ಕಲಿತವರು ಮನೆಮಂದಿಗೆ, ಊರಮಂದಿಗೆ ಕಲಿಸಿದರು. ಅಲ್ಲಿನ ಪಟ್ಟಾಮುಂಡೈಯಲ್ಲಿ ಪ್ಲಂಬಿಂಗಿಗೇ ಒಂದು ಸರ್ಕಾರಿ ತರಬೇತಿ ಸಂಸ್ಥೆ ಇದೆ. ನಮ್ಮ ಕಡೆ ಹುಡುಗರು ಬಿಇ ಮಾಡಿ ಬೆಂಗಳೂರು ಬಸ್ಸು ಹತ್ತೋ ಹಾಗೆ ಅಲ್ಲಿನವರು ರಿಂಚು ಹಿಡಿದು ರೈಲು ಹತ್ತುತ್ತಾರೆ.

ಅವನು ಕಪಾಟಿನೊಳಗೆ ತಲೆ ಹಾಕಿ ಒಂದು ನಿಮಿಷಕ್ಕೆ ಹೊರಗೆ ಬಂದ. “ಸಾರ್, ಟ್ರ್ಯಾಪ್ ಇಲ್ಲ. ಪೈಪ್ ಸೀದಾ ಹಾಕಿದ್ದಾರೆ.” ಸಿಂಕಿನಿಂದ ಇಳಿದ ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪನ್ನು ನೇರವಾಗಿ ನೆಲದ ತೂತಿಗೆ ತುರುಕಿದ್ದರು. ಪೈಪು ಸಣ್ಣದು, ತೂತು ದೊಡ್ಡದು. ನಡುವಿನ ಸಂದಿಗೆ ಒಂದು ಹಳೇ ಬಟ್ಟೆ ಚೂರು ಗಿಡಿದು, ಮೇಲೆ ಬಿಳಿ ಸಿಮೆಂಟು ಮೆತ್ತಿದ್ದರು. ಸಿಮೆಂಟು ಬಿರುಕು ಬಿಟ್ಟಿತ್ತು. ಬಟ್ಟೆ ಅರ್ಧ ಒಳಗೆ ಇಳಿದಿತ್ತು.

ಆ ಬಟ್ಟೆ ಚೂರನ್ನ ನೆನಪಿಟ್ಕೊಳ್ಳಿ. ಮತ್ತೆ ಅದರ ಹತ್ತಿರ ಬರ್ತೀನಿ.

*

ಟ್ರ್ಯಾಪ್ ಅಂದ್ರೆ ಏನು? ಪೈಪು ಒಮ್ಮೆ ಕೆಳಗೆ ಬಾಗಿ ಮತ್ತೆ ಮೇಲೆ ಏಳುವ ಜಾಗ, ಅಷ್ಟೇ. ಬಾಗಿದ ಕಡೆ ಒಂದಿಷ್ಟು ನೀರು ಯಾವಾಗಲೂ ನಿಂತಿರುತ್ತೆ. ಹೊಸ ನೀರು ಬಂದಾಗ ಹಳೇ ನೀರು ಮುಂದಕ್ಕೆ ಹೋಗುತ್ತೆ, ಹೊಸದು ಅಲ್ಲಿ ನಿಲ್ಲುತ್ತೆ. ನೀರು ದಾಟಿಹೋಗಬಹುದು, ಗಾಳಿ ದಾಟೋ ಹಾಗಿಲ್ಲ. ಸ್ಪ್ರಿಂಗಿಲ್ಲ, ವಾಲ್ವಿಲ್ಲ, ಕರೆಂಟಿಲ್ಲ. ನಿಂತ ನೀರಿನ ಆಳಕ್ಕೆ ವಾಟರ್ ಸೀಲ್ ಅಂತಾರೆ. ನಮ್ಮ ದೇಶದ ನಿಯಮಗಳಲ್ಲಿ ಸಾಮಾನ್ಯವಾಗಿ ಕೇಳೋದು 50 ಮಿಲಿಮೀಟರ್, ಹತ್ತಿರ ಹತ್ತಿರ ಎರಡು ಇಂಚು. ವಾಶ್ ಬೇಸಿನ್ನಿಗೆ ಕನಿಷ್ಠ 32 ಮಿಲಿಮೀಟರ್, ಅಡುಗೆಮನೆ ಸಿಂಕಿಗೆ ಕನಿಷ್ಠ 40 ಮಿಲಿಮೀಟರ್ ಅಳತೆಯ ಟ್ರ್ಯಾಪ್ ಇರಬೇಕು. ಅಂಗಡಿಯಲ್ಲಿ ಬಾಟಲ್ ಟ್ರ್ಯಾಪ್ ಅಂತ ಕೇಳಿದ್ರೆ ಕೊಡ್ತಾರೆ. ಬಚ್ಚಲಿನ ನೆಲದಲ್ಲಿರೋದಕ್ಕೆ ನಮ್ಮ ಪ್ಲಂಬರುಗಳು ನಹಾನಿ ಟ್ರ್ಯಾಪ್ ಅಂತಾರೆ. ಸ್ನಾನಕ್ಕೆ ಹಿಂದಿಯಲ್ಲಿ ನಹಾನಾ ಅಂತಾರಲ್ಲ, ಅದರಿಂದ ಬಂದ ಹೆಸರು. ಮನೆಯ ಹೊರಗೆ, ಕೊಳೆ ನೀರು ಒಳಚರಂಡಿ ಸೇರೋ ಮುಂಚೆ ಸಿಗೋದು ಗಲ್ಲಿ ಟ್ರ್ಯಾಪ್.

ಇಷ್ಟು ಸರಳವಾದ ವಸ್ತುವಿಗೂ ಒಂದು ಹುಟ್ಟಿದ ತಾರೀಖು ಇದೆ. 1775ರಲ್ಲಿ ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಅನ್ನೋ ಗಡಿಯಾರ ತಯಾರಕ ನೀರಿನ ಕಕ್ಕಸಿಗೆ ಒಂದು ಪೇಟೆಂಟ್ ಪಡೆದ. ಅದರಲ್ಲಿ ಪೈಪು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗಿತ್ತು. ಆದರೆ ಲಂಡನ್ನಿನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ, ಇನ್ನೂ ದೊಡ್ಡದಾಯ್ತು. ಕಕ್ಕಸುಗಳು ಹೆಚ್ಚಿದವು, ಎಲ್ಲದರ ನೀರೂ ಥೇಮ್ಸ್ ನದಿಗೆ ಬಿತ್ತು, ಕುಡಿಯುವ ನೀರೂ ಅದೇ ನದಿಯಿಂದ ಬರುತ್ತಿತ್ತು. 1858ರ ಬೇಸಿಗೆಯಲ್ಲಿ ನಾತ ಎಷ್ಟಾಯ್ತು ಅಂದ್ರೆ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ಕಟ್ಟಿದರು. ಆಮೇಲೆ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರು ದೊಡ್ಡ ಒಳಚರಂಡಿಗಳನ್ನು ಕಟ್ಟಿಸಿದ.

ಇಲ್ಲೊಂದು ತಮಾಷೆ ಇದೆ. ಆಗ ದೊಡ್ಡ ದೊಡ್ಡ ಡಾಕ್ಟರುಗಳೇ ರೋಗ ಬರೋದು ಕೆಟ್ಟ ಗಾಳಿಯಿಂದ ಅಂತ ನಂಬಿದ್ದರು. ಕಾಲರಾ ನೀರಿನಿಂದ ಬರುತ್ತೆ ಅಂತ ಜಾನ್ ಸ್ನೋ 1854ರಲ್ಲೇ ಒಂದು ಬೀದಿ ಪಂಪಿನ ಲೆಕ್ಕ ಹಾಕಿ ತೋರಿಸಿದ್ದ, ಬಹಳ ಜನ ಒಪ್ಪಿರಲಿಲ್ಲ. 1871ರಲ್ಲಿ ಇಂಗ್ಲೆಂಡಿನ ಯುವರಾಜನಿಗೆ ಟೈಫಾಯ್ಡ್ ಬಂದಾಗ ಮೇಲ್ವರ್ಗದ ಮನೆಗಳಲ್ಲೂ ಭಯ ಶುರುವಾಯ್ತು. ಮೋರಿಯ ಗಾಳಿ ಮನೆಯೊಳಗೆ ನುಗ್ಗಿ ಕೊಲ್ಲುತ್ತೆ ಅನ್ನೋ ಭಯ. ಆ ಭಯದಿಂದಲೇ ಟ್ರ್ಯಾಪು, ಗಾಳಿ ಕೊಳವೆ, ಸೋರದ ಜಾಯಿಂಟು ಇವೆಲ್ಲಾ ಕಡ್ಡಾಯ ನಿಯಮಗಳಾಗುತ್ತಾ ಬಂದವು. ಗಾಳಿ ಕೊಳವೆ ಯಾಕೆ ಅಂದ್ರೆ, ಮೇಲಿನ ಮಹಡಿಯಿಂದ ಒಮ್ಮೆಲೇ ನೀರು ಬಿದ್ದಾಗ ಅದು ಕೆಳಗಿನ ಮನೆಗಳ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತೆ. ಪೈಪಿನ ತಲೆ ಆಕಾಶಕ್ಕೆ ತೆರೆದಿದ್ದರೆ ಗಾಳಿ ಅಲ್ಲಿಂದ ಬರುತ್ತೆ, ಟ್ರ್ಯಾಪಿನ ನೀರು ಉಳಿಯುತ್ತೆ. ನಿಮ್ಮ ಟೆರೇಸಿನ ಮೇಲೆ ಸುಮ್ಮನೆ ನಿಂತಿರೋ ಪೈಪುಗಳ ಕೆಲಸ ಇದು.

ಅಂದ್ರೆ ಕಾರಣ ತಪ್ಪು, ನಿಯಮ ಸರಿ. ಹಳೇ ಕೋಡಿನಲ್ಲಿ ಕಾಮೆಂಟ್ ತಪ್ಪಿರುತ್ತೆ, ಫಂಕ್ಷನ್ ಮಾತ್ರ ಸರಿಯಾಗಿ ಓಡ್ತಿರುತ್ತಲ್ಲ, ಹಾಗೆ. ರೋಗಾಣುಗಳು ಪತ್ತೆಯಾದ ಮೇಲೆ ಕೆಟ್ಟ ಗಾಳಿಯ ಸಿದ್ಧಾಂತ ಬಿದ್ದುಹೋಯ್ತು. ಆದರೆ 2003ರ ಮಾರ್ಚಿನಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ತನಿಖೆ ಮಾಡಿದವರು ಕೊನೆಗೆ ಬಂದು ನಿಂತದ್ದು ಬಚ್ಚಲಿನ ನೆಲದ ಟ್ರ್ಯಾಪುಗಳ ಹತ್ತಿರ. ಜನ ನೆಲಕ್ಕೆ ನೀರು ಸುರಿದು ತೊಳೆಯೋದು ಬಿಟ್ಟು ಒದ್ದೆಬಟ್ಟೆಯಲ್ಲಿ ಒರೆಸುತ್ತಿದ್ದರು. ಟ್ರ್ಯಾಪಿನ ನೀರು ಒಣಗಿತ್ತು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಕೊಳವೆಯ ಗಾಳಿ, ಅದರ ಜೊತೆ ವೈರಸ್ಸಿನ ಹನಿ, ಬಚ್ಚಲೊಳಗೆ ಬಂದಿತ್ತು. ಎರಡು ಇಂಚು ನೀರು ಇಲ್ಲದ್ದಕ್ಕೆ ಇಷ್ಟಾಯ್ತು. ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ಗೆಸ್ಟ್ ರೂಮಿನ ಬಚ್ಚಲಿಗೆ ಎರಡು ಚೊಂಬು ನೀರು ಹುಯ್ದು ಬಂದೆ.

*

ಇನ್ನು ಜಾಯಿಂಟಿನ ಕಥೆ. ಪೈಪು ಎಷ್ಟೇ ಗಟ್ಟಿ ಇದ್ದರೂ ಸೋರೋದು ಸಂದಿಯಲ್ಲೇ.

ಇದರ ಮೂಲ ಪಾಠ ನನಗೆ ಅಜ್ಜ ಹೇಳಿಕೊಟ್ಟಿದ್ದ, ನನಗೆ ಗೊತ್ತಿರಲಿಲ್ಲ ಅಷ್ಟೆ. ಅಡಿಕೆ ಮರ ಸೀಳಿ, ತಿರುಳು ತೆಗೆದು ದಬ್ಬೆ ಮಾಡಿ, ಒಂದರ ಮುಂದೆ ಒಂದು ಇಟ್ಟು ತೋಟಕ್ಕೆ ನೀರು ಹಾಯಿಸ್ತಿದ್ದ. ಮೇಲಿನ ದಬ್ಬೆಯ ತುದಿ ಕೆಳಗಿನ ದಬ್ಬೆಯೊಳಗೆ ಕೂರಬೇಕು. ಉಲ್ಟಾ ಇಟ್ಟರೆ ನೀರು ಸಂದಿಗೆ ಎದುರಾಗಿ ಹೊರಗೆ ಸುರಿಯುತ್ತೆ. ಸೂರಿನ ನಾಡಹೆಂಚಿಗೂ ಇದೇ ಲೆಕ್ಕ. ಈಗ ಪ್ಲಂಬಿಂಗ್ ನಿಯಮದಲ್ಲಿ ಇದನ್ನೇ ಹೀಗೆ ಬರೆದಿರ್ತಾರೆ: ಪೈಪಿನ ಅಗಲ ಬಾಯಿ, ಅಂದ್ರೆ ಸಾಕೆಟ್, ನೀರು ಬರುವ ಕಡೆಗೆ ಮುಖ ಮಾಡಿರಬೇಕು, ಕಿರಿದಾದ ತುದಿ, ಅಂದ್ರೆ ಸ್ಪಿಗಾಟ್, ನೀರು ಹೋಗುವ ಕಡೆಗೆ ಇರಬೇಕು. ಅಜ್ಜನ ದಬ್ಬೆ ಸ್ಪಿಗಾಟೇ.

ಈ ಒಂದರೊಳಗೊಂದು ಕೂರಿಸುವ ಜೋಡಣೆ ನಮ್ಮ ನಾಡಿನಲ್ಲಿ ಹಳೆಯದು. ಹಂಪಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳ ಅವಶೇಷ ಈಗಲೂ ಕಾಣುತ್ತೆ. ಆದರೆ ಜಾಯಿಂಟಿನ ಸಮಸ್ಯೆಯನ್ನ ಊರಿನ ಮಟ್ಟದಲ್ಲಿ ಬಿಡಿಸಿದ್ದನ್ನ ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ, 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಾಲಾಬಿನಿಂದಲೂ ಊರಿಗೆ ನೀರು ಬರುತ್ತಿತ್ತು. ಮಣ್ಣಿನ ಕೊಳವೆಗಳನ್ನು ಒಂದರೊಳಗೊಂದು ಸೇರಿಸಿ, ಸುತ್ತ ಗಾರೆ, ಕಲ್ಲು ಕಟ್ಟಿ ನೆಲದಡಿ ಹೂಳಿದ್ದರು. ಎತ್ತರದಿಂದ ಬರುವ ನೀರಿಗೆ ಒತ್ತಡ ಜಾಸ್ತಿ, ಮಣ್ಣಿನ ಕೊಳವೆಯ ಸಂದಿ ಅದನ್ನ ತಡೆಯಲ್ಲ. ಅದಕ್ಕೆ ಅವರು ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಅನ್ನೋ ಚೌಕ ಗೋಪುರಗಳನ್ನು ಕಟ್ಟಿದರು. ನೀರು ಗೋಪುರದೊಳಗೆ ಮೇಲೆ ಏರಿ, ಒತ್ತಡ ಕಳ್ಕೊಂಡು, ಮುಂದಿನ ಕೊಳವೆಗೆ ಇಳಿಯುತ್ತೆ. ಜೊತೆಗೆ ಮಣ್ಣು, ಹೂಳು ಕೆಳಗೆ ಕೂರುತ್ತೆ. ಜಾಯಿಂಟನ್ನು ಗಟ್ಟಿ ಮಾಡೋಕೆ ಆಗದಿದ್ದರೆ ಅದರ ಮೇಲಿನ ಭಾರ ಇಳಿಸಿ ಅನ್ನೋ ಯೋಚನೆ. ಕೆಲವು ಗೋಪುರಗಳು ಇನ್ನೂ ನಿಂತಿವೆ. ಗೋಲಗುಮ್ಮಟ ನೋಡಲು ಹೋದವರು ಇವುಗಳ ಪಕ್ಕದಲ್ಲೇ ಹಾದುಹೋಗ್ತಾರೆ, ನಾನೂ ಕಾಲೇಜು ಟ್ರಿಪ್ಪಿನಲ್ಲಿ ಹಾಗೇ ಹೋಗಿದ್ದೆ.

ಬೀಡುಕಬ್ಬಿಣದ ಪೈಪು ಬಂದ ಮೇಲೆ ಸಂದಿಗೆ ಸೀಸ ಬಂತು. ಡಾಂಬರು ಹಚ್ಚಿದ ಸೆಣಬಿನ ಹುರಿಯನ್ನು ಸಾಕೆಟ್ಟಿನೊಳಗೆ ಸುತ್ತಿ ಗಿಡಿದು, ಮೇಲೆ ಕಾದ ಸೀಸ ಹುಯ್ದು, ಆರಿದ ಮೇಲೆ ಉಳಿಯಿಂದ ಬಡಿದು ಬಿಗಿ ಮಾಡ್ತಿದ್ದರು. ಲ್ಯಾಟಿನ್ನಿನಲ್ಲಿ ಸೀಸಕ್ಕೆ ಪ್ಲಂಬಮ್ ಅಂತಾರೆ. ಪೀರಿಯಾಡಿಕ್ ಟೇಬಲ್ಲಿನಲ್ಲಿ ಸೀಸಕ್ಕೆ ಪಿಬಿ ಅಂತ ಯಾಕಿದೆ ಅಂತ ಪಿಯುಸಿಯಲ್ಲಿ ತಲೆ ಕೆಡಿಸ್ಕೊಂಡಿದ್ದೀರಲ್ಲ, ಪ್ಲಂಬರ್ ಅನ್ನೋ ಹೆಸರೂ ಅಲ್ಲಿಂದಲೇ ಬಂದದ್ದು. ಈಗ ಪಿವಿಸಿ ಕಾಲ. ಸಾಲ್ವೆಂಟ್ ಸಿಮೆಂಟ್ ಹಚ್ಚಿ ಸೇರಿಸಿದ್ರೆ ಎರಡು ಪೈಪಿನ ಪ್ಲಾಸ್ಟಿಕ್ಕೂ ಕರಗಿ ಒಂದಾಗುತ್ತೆ. ಇಲ್ಲಾಂದ್ರೆ ರಬ್ಬರ್ ರಿಂಗ್ ಇರುತ್ತೆ. ಕೆಲಸ ಎಷ್ಟು ಸುಲಭ ಆಗಿದೆ ಅಂದ್ರೆ, ಅದನ್ನೂ ಮಾಡದೆ ಬಟ್ಟೆ ಗಿಡಿಯೋಕೆ ಮನಸ್ಸು ಹೇಗೆ ಬಂತು ಅನ್ನೋದೇ ಆಶ್ಚರ್ಯ.

*

ಬೆಂಗಳೂರಿಗೆ ಪೈಪಿನಲ್ಲಿ ನೀರು ಬಂದದ್ದು 1896ರಲ್ಲಿ. ಅದಕ್ಕೂ ಮುಂಚೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು, ಕಲ್ಯಾಣಿಗಳು, ಬಾವಿಗಳು. 1863ರಲ್ಲಿ ಭಾರತದ ಸೈನ್ಯದ ನೈರ್ಮಲ್ಯದ ಬಗ್ಗೆ ವರದಿ ಬಂದಾಗ ಅದರ ಮೇಲೆ ಟಿಪ್ಪಣಿ ಬರೆದ ಫ್ಲಾರೆನ್ಸ್ ನೈಟಿಂಗೇಲ್, ಕುಡಿಯಲು ಬಳಸುವ ಹಲಸೂರು ಕೆರೆಗೆ ಬಜಾರಿನ ಕೊಳೆ ಸೇರುವುದನ್ನು ಪ್ರಸ್ತಾಪಿಸಿದ್ದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಯೋಜನೆಯಾಯ್ತು. ಅಲ್ಲಿಂದ ಸೋಲದೇವನಹಳ್ಳಿಗೆ ಇಟ್ಟಿಗೆ ಕಾಲುವೆ, ಅಲ್ಲಿಂದ ಮುಂದಕ್ಕೆ ಉಗಿ ಪಂಪು. 1933ಕ್ಕೆ ತಿಪ್ಪಗೊಂಡನಹಳ್ಳಿ, 1974ಕ್ಕೆ ನೂರು ಕಿಲೋಮೀಟರ್ ದೂರದ ಕಾವೇರಿ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ. ಪ್ರತಿ ಸಲವೂ ಉದ್ಘಾಟನೆ, ಫೋಟೋ, ಭಾಷಣ.

ಬಂದ ನೀರು ಹೋಗೋದೆಲ್ಲಿಗೆ ಅನ್ನೋದಕ್ಕೆ ಮಾತ್ರ ಯಾರೂ ಉದ್ಘಾಟನೆ ಮಾಡ್ಲಿಲ್ಲ. ಮನೆಗೆ ನಲ್ಲಿ ಬಂದು ಎಷ್ಟೋ ವರ್ಷಗಳ ಮೇಲೆ, 1920ರ ದಶಕದಲ್ಲಿ, ಬೆಂಗಳೂರಿನಲ್ಲಿ ಒಳಚರಂಡಿ ಕೆಲಸ ಶುರುವಾಯ್ತು. ನೀರು ಮತ್ತು ಒಳಚರಂಡಿ ಎರಡನ್ನೂ ಒಂದೇ ಮಂಡಳಿಯ ಕೈಗೆ ಕೊಟ್ಟದ್ದು 1964ರಲ್ಲಿ.

ಈ ನಡುವೆ 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊಸ ಬಡಾವಣೆಗಳಿಗೆ ಹೋದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಅಗಲವಾದ ರಸ್ತೆ, ಗಾಳಿ, ಬೆಳಕು, ನೇರ ಅಡ್ಡರಸ್ತೆಗಳು. ಇಷ್ಟು ಎಲ್ಲರೂ ಹೊಗಳ್ತಾರೆ. ಮನೆಗಳ ಬೆನ್ನಿಗೆ ಬೆನ್ನು ಸೇರುವ ಕಡೆ ಒಂದು ಸಣ್ಣ ಗಲ್ಲಿ ಇರ್ತಿತ್ತು. ಅದಕ್ಕೆ ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಮೈಸೂರಿನ ಹಳೇ ಬಡಾವಣೆಗಳಲ್ಲೂ ಇದೆ. ಈಗ ಅಲ್ಲಿ ಬೈಕು ನಿಲ್ಲಿಸ್ತಾರೆ, ಕೆಲವು ಕಡೆ ಒತ್ತುವರಿಯಾಗಿದೆ, ಕೆಲವು ಕಡೆ ಗೋಡೆಗೆ ಚಿತ್ರ ಬರೆದು ಚೆಂದ ಮಾಡಿದ್ದಾರೆ. ಆ ಗಲ್ಲಿ ಇದ್ದದ್ದು ಕಕ್ಕಸಿನ ಮಲವನ್ನು ಹಿಂದಿನಿಂದ ಎತ್ತಿಕೊಂಡು ಹೋಗೋದಕ್ಕೆ. ಅಂದ್ರೆ ಆ ಕೆಲಸ ಮಾಡುವ ಜಾತಿಯ ಜನ ಮುಂಬಾಗಿಲಿನಿಂದ ಕಾಣದ ಹಾಗೆ ಬಂದು ಹೋಗೋದಕ್ಕೆ. ಪೈಪು ಇಲ್ಲದ ಕಾಲದಲ್ಲಿ ಮನುಷ್ಯರೇ ಪೈಪಾಗಿದ್ದರು.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸುವ ಆದೇಶ ಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರಿಂದ. ಆದರೆ ಆದೇಶ ಬಂದ ತಕ್ಷಣ ಒಣ ಕಕ್ಕಸುಗಳು ಮಾಯವಾಗಲಿಲ್ಲ. ಕೋಲಾರದ ಚಿನ್ನದ ಗಣಿಗಳ ಕಾಲೊನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದನ್ನು ನೋಡಿಯೇ ಹೋರಾಟಕ್ಕೆ ಇಳಿದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು. ಎರಡನೆಯದು ಒಣ ಕಕ್ಕಸಿನ ಜೊತೆಗೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕನ್ನೂ ಸೇರಿಸಿತು: ಸುರಕ್ಷಾ ಸಲಕರಣೆ ಇಲ್ಲದೆ ಯಾರನ್ನೂ ಅದರೊಳಗೆ ಇಳಿಸುವಂತಿಲ್ಲ. ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿಲ್ಲ ಅಂತ ಅರ್ಥ.

*

ಈಗ ಆ ಬಟ್ಟೆ ಚೂರು.

ನಾವು ಫ್ಲ್ಯಾಟಿಗೆ ಬಂದ ಮೊದಲ ಮಳೆಗಾಲ. ಒಂದು ಶನಿವಾರ ಕೆಳಗಿನ ಛೇಂಬರು ಕಟ್ಟಿಕೊಂಡು ಪಾರ್ಕಿಂಗಿನಲ್ಲೆಲ್ಲಾ ಕೊಳೆ ನೀರು. ವಾಟ್ಸಾಪ್ ಗ್ರೂಪಿನಲ್ಲಿ ನಲವತ್ತು ಮೆಸೇಜು. ಯಾರೋ ಯಾರಿಗೋ ಫೋನ್ ಮಾಡಿದರು, ಇಬ್ಬರು ಬಂದರು. ನಾನು ಬಾಲ್ಕನಿಯಲ್ಲಿ ಕಾಫಿ ಹಿಡ್ಕೊಂಡು ನಿಂತಿದ್ದೆ. ಬಿದಿರ ಗಳದಲ್ಲಿ ಸ್ವಲ್ಪ ಹೊತ್ತು ಚುಚ್ಚಿ ನೋಡಿದರು, ಹೋಗಲಿಲ್ಲ. ಆಮೇಲೆ ಅವರಲ್ಲಿ ಚಿಕ್ಕವನು, ನನ್ನ ತಮ್ಮನ ವಯಸ್ಸಿರಬಹುದು, ಅಂಗಿ ಬಿಚ್ಚಿಟ್ಟು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಛೇಂಬರಿಗೆ ಇಳಿದ. ಎದೆ ಮಟ್ಟ. ಮುಖ ಆ ಕಡೆ ತಿರುಗಿಸಿ, ಒಳಗೆ ಕೈ ಹಾಕಿ, ಬಟ್ಟೆ ಚೂರುಗಳನ್ನು, ಜಿಡ್ಡಿನ ಉಂಡೆಗಳನ್ನು ಎಳೆದೆಳೆದು ಹೊರಗೆ ಹಾಕಿದ. ಐದು ನಿಮಿಷಕ್ಕೆ ನೀರು ಇಳಿಯಿತು. ಗ್ರೂಪಿನಲ್ಲಿ ಚಪ್ಪಾಳೆ ಎಮೋಜಿ ಬಂದವು. ನಾನೂ ಒಂದು ಹಾಕಿದೆ.

ಅದು ಕಾನೂನಿಗೆ ವಿರುದ್ಧ ಅಂತ ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಪತ್ರಿಕೆಯಲ್ಲಿ ಮ್ಯಾನ್‌ಹೋಲ್ ಸಾವಿನ ಸುದ್ದಿ ಓದ್ತಿದ್ದೆ. ಮ್ಯಾನ್‌ಹೋಲ್ ಅಂದ್ರೆ ರಸ್ತೆಯದು, ನಮ್ಮ ಪಾರ್ಕಿಂಗಿನದು ಸಣ್ಣದು, ಅಂತ ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ ಅನ್ಸುತ್ತೆ. ಆವತ್ತು ಅವನಿಗೇನೂ ಆಗಲಿಲ್ಲ. ಕೈಕಾಲು ತೊಳೆದುಕೊಂಡು ದುಡ್ಡು ತಗೊಂಡು ಹೋದ.

ಅವ್ವ ಬಂದಾಗ, ಪ್ಲಂಬರು ನಮ್ಮ ಸಿಂಕಿನ ಕೆಳಗಿನಿಂದ ಆ ಬಟ್ಟೆ ಎಳೆದು ತೋರಿಸಿದಾಗ, ಮೊದಲು ನೆನಪಾದದ್ದು ಆ ಹುಡುಗ ತಿರುಗಿಸಿಕೊಂಡಿದ್ದ ಮುಖ. ಅವತ್ತು ಅವನು ಎಳೆದ ಚೂರುಗಳಲ್ಲಿ ನಮ್ಮನೆಯದೂ ಇತ್ತೋ ಏನೋ ಹೇಳೋಕೆ ಆಗಲ್ಲ. ಆದರೆ ನಮ್ಮ ಕಟ್ಟಡದಲ್ಲಿ ಎಲ್ಲಾ ಮನೆಗೂ ಒಂದೇ ಕೆಲಸದವರು ಸಿಂಕು ಕೂರಿಸಿದ್ದು. ಒಂದು ಮನೆಯಲ್ಲಿ ಬಟ್ಟೆ ಗಿಡಿದವರು ಉಳಿದ ಮನೆಗಳಲ್ಲಿ ರಬ್ಬರ್ ರಿಂಗ್ ಹಾಕಿರ್ತಾರಾ?

ಆವತ್ತಿನಿಂದ ನಾನು ಈ ನಿಯಮಗಳನ್ನ ಓದೋಕೆ ಶುರು ಮಾಡಿದ್ದು. ನಮ್ಮಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ. ಮೊದಲು ಬಂದದ್ದು 1970ರಲ್ಲಿ, ಪರಿಷ್ಕರಣೆ 1983, 2005, 2016. ಅದರ 9ನೇ ಭಾಗ ಪ್ಲಂಬಿಂಗಿನದು. ಮೊದಲು ಓದಿದಾಗ ಬೋರು. ಮತ್ತೆ ಓದಿದಾಗ ಪ್ರತಿ ಸಾಲಿನ ಹಿಂದೆ ಒಬ್ಬ ಮನುಷ್ಯ ಕಾಣೋಕೆ ಶುರುವಾದ. ಕೊಳೆ ನೀರಿನ ಕೊಳವೆ ನೇರ ಮೂಲೆಯಲ್ಲಿ ತಿರುಗದೆ ನಿಧಾನಕ್ಕೆ ಬಾಗಬೇಕು: ಮೂಲೆಯಲ್ಲಿ ಕಸ ನಿಂತರೆ ಯಾರೋ ಕೈ ಹಾಕಬೇಕಾಗುತ್ತೆ. ಜಾಯಿಂಟಿನ ಒಳಮೈ ನುಣ್ಣಗಿರಬೇಕು: ಅಂಚು ಚಾಚಿಕೊಂಡಿದ್ದರೆ ಕೂದಲು, ನಾರು ಸಿಕ್ಕಿಕೊಳ್ಳುತ್ತೆ. ತಿರುವಿನಲ್ಲಿ ತೆರೆದು ನೋಡೋಕೆ ಮುಚ್ಚಳ ಇರಬೇಕು: ಹೊರಗಿನಿಂದಲೇ ಸರಳು ಹಾಕಿ ತೆಗೆಯಬಹುದು. ನೆಲದಡಿಯ ಕೊಳವೆಯಲ್ಲಿ ನೀರು ಸೆಕೆಂಡಿಗೆ ಕನಿಷ್ಠ 0.75 ಮೀಟರ್ ಓಡುವಷ್ಟು ಇಳಿಜಾರು ಬೇಕು: ನಿಧಾನವಾದರೆ ಹೂಳು ಕೂರುತ್ತೆ. ಕೆಲಸ ಮುಗಿದ ಮೇಲೆ ನೀರು ತುಂಬಿಸಿಯೋ ಹೊಗೆ ಬಿಟ್ಟೋ ಪರೀಕ್ಷೆ ಮಾಡಬೇಕು: ಸಂದಿಯಲ್ಲಿ ಹೊಗೆ ಬಂದರೆ ಆಗಲೇ ಗೊತ್ತಾಗುತ್ತೆ. ಇವೆಲ್ಲಾ ಸೇರಿದರೆ ಹೇಳೋದು ಒಂದೇ ಮಾತು. ಯಾರೂ ಇಳಿಯೋ ಹಾಗೆ ಮಾಡಬೇಡಿ.

ಆದರೆ ಈ ಸಂಹಿತೆ ತಾನಾಗಿಯೇ ಕಾನೂನಲ್ಲ, ಮಾದರಿ. ಸ್ಥಳೀಯ ಸಂಸ್ಥೆಗಳು ತಮ್ಮ ಬೈಲಾಗಳಲ್ಲಿ ಸೇರಿಸಿಕೊಂಡಷ್ಟಕ್ಕೆ ಮಾತ್ರ ಬಲ. ಸೇರಿಸಿಕೊಂಡರೂ ಗೋಡೆಯೊಳಗಿನ, ಕಪಾಟಿನೊಳಗಿನ ಜಾಯಿಂಟನ್ನು ಬಂದು ನೋಡೋರು ಯಾರು? ಮನೆ ಕೊಳ್ಳುವಾಗ ನಾನೇ ನೋಡಿರಲಿಲ್ಲ. ವಾಸ್ತು ನೋಡಿಸಿದ್ದೆ, ವೈಫೈ ಸಿಗ್ನಲ್ ನೋಡಿದ್ದೆ. ಸಿಂಕಿನ ಕೆಳಗೆ ಬಗ್ಗಿರಲಿಲ್ಲ.

ಪ್ಲಂಬರು ಅರ್ಧ ಗಂಟೆಯಲ್ಲಿ ಬಾಟಲ್ ಟ್ರ್ಯಾಪ್ ಹಾಕಿ, ಸರಿಯಾದ ಅಳತೆಯ ರಬ್ಬರ್ ಕೂರಿಸಿ ಹೋದ. ಖರ್ಚು, ಕೂಲಿ ಸೇರಿ ನಾವು ಒಂದು ವಾರಾಂತ್ಯ ಹೋಟೆಲಿನಲ್ಲಿ ಕೊಡೋದಕ್ಕಿಂತ ಕಮ್ಮಿ. ಸಂಜೆಗೆ ವಾಸನೆ ಹೋಗಿತ್ತು. ಗ್ರೂಪಿನಲ್ಲಿ ಫೋಟೋ ಹಾಕಿ ಎಲ್ಲರಿಗೂ ಸಿಂಕಿನ ಕೆಳಗೆ ನೋಡಿ ಅಂದೆ. ಅರ್ಧಕ್ಕೂ ಹೆಚ್ಚು ಮನೆಯಲ್ಲಿ ಅದೇ ಕಥೆ. ಆಮೇಲಿನ ಮೀಟಿಂಗಿನಲ್ಲಿ ಛೇಂಬರಿಗೆ ಮನುಷ್ಯರನ್ನ ಇಳಿಸೋ ಹಾಗಿಲ್ಲ, ಜೆಟ್ಟಿಂಗ್ ಮೆಷೀನನ್ನೇ ಕರೆಸಬೇಕು ಅಂತ ಬರೆಸಿದ್ವಿ. ಖರ್ಚು ಜಾಸ್ತಿ ಅಂತ ಒಬ್ಬರು ಗೊಣಗಿದರು. ನಾನು ಬಾಲ್ಕನಿಯ ವಿಷಯ ಹೇಳಿದೆ. ಅವರೂ ಆವತ್ತು ಅವರ ಬಾಲ್ಕನಿಯಲ್ಲಿ ನಿಂತಿದ್ದರಂತೆ. ಆಮೇಲೆ ಯಾರೂ ಮಾತಾಡಲಿಲ್ಲ.

ಯುಗಾದಿಗೆ ಊರಿಗೆ ಹೋದೆ. ತಮ್ಮ ಹಳೇ ಮನೆಗೆ ಹೊಸ ಅಡುಗೆಮನೆ ಸೇರಿಸ್ತಿದ್ದ. ಈಗ ನಮ್ಮೂರಲ್ಲೂ ಮನೆಮುಂದೆ ನಲ್ಲಿ ಇದೆ. ನೀರು ಒಳಗೆ ಬಂದ ಮೇಲೆ ಸಿಂಕು ಬಂತು, ಸಿಂಕು ಬಂದ ಮೇಲೆ ಪೈಪು ಬಂತು. ಬಾಳೆ ಬುಡಕ್ಕೆ ಹೋಗುತ್ತಿದ್ದ ಕಾಲುವೆಯನ್ನ ಮುಚ್ಚಿ ಬೀದಿಯ ಚರಂಡಿಗೆ ಸೇರಿಸೋಣ ಅಂತ ಗಾರೆಯವನು ಹೇಳಿದ್ದ. ನಾನು ಬೆಂಗಳೂರಿಂದ ಬ್ಯಾಗಿನಲ್ಲಿ ಎರಡು ಟ್ರ್ಯಾಪು ತಂದಿದ್ದೆ. ತಮ್ಮ ನಕ್ಕ. “ಹಬ್ಬಕ್ಕೆ ಸ್ವೀಟ್ ತತ್ತಾನೆ ಅಂದ್ಕೊಂಡ್ರೆ ಪೈಪ್ ತಂದವ್ನೆ ನೋಡವ್ವ ನಿನ್ ಮಗ.”

ಅವ್ವ ನಗಲಿಲ್ಲ. ಟ್ರ್ಯಾಪನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಗಾರೆಯವನನ್ನ ಕೇಳಿದಳು: “ಇದೇನೋ ವಾಸ್ನೆ ತಡೀತೈತೆ ಸರಿ. ನೀರು ಹೋಗಿ ಎಲ್ ಬೀಳ್ತೈತಪ್ಪ? ಕೆಳಗಿನ್ ಮನೆಯೋರ ಬಾಗ್ಲಿಗಾ?”

ಬೀದಿಯ ಚರಂಡಿ ಇಳಿಜಾರಿನಲ್ಲಿ ಕೆಳಗಿನ ಕೇರಿಯ ಮುಂದೆ ಹೋಗಿ ನಿಂತುಬಿಡುತ್ತೆ. ಗಾರೆಯವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಸಂಹಿತೆ ಓದಿಕೊಂಡು ಬಂದವನು ನಾನೇ ಕೇಳಿರಲಿಲ್ಲ. ಕೊನೆಗೆ ಸಿಂಕಿಗೆ ಟ್ರ್ಯಾಪು, ತಿರುವಿಗೆ ಮುಚ್ಚಳ, ಪೈಪಿನ ಸಾಕೆಟ್ಟು ಮನೆಯ ಕಡೆಗೆ, ಹಿತ್ತಲಲ್ಲಿ ಒಂದು ಇಂಗುಗುಂಡಿ, ಅದರ ಸುತ್ತ ಅದೇ ನಾಲ್ಕು ಬಾಳೆ.

ಇವತ್ತು ಮನೆಗೆ ಹೋದಾಗ ಸಿಂಕಿನ ಕೆಳಗಿನ ಕಪಾಟು ತೆಗೆದು ಟಾರ್ಚ್ ಹಾಕಿ ನೋಡಿ. ಪೈಪು ಬಾಗಿದೆಯಾ? ಸಂದಿಯಲ್ಲಿ ರಬ್ಬರ್ ಇದೆಯಾ, ಬಟ್ಟೆ ಇದೆಯಾ? ಬಟ್ಟೆ ಇದ್ದರೆ ನಾಳೆಯೇ ತೆಗೆಸಿ. ಮಳೆಗಾಲ ಬರುತ್ತೆ.